ಮುದ್ರೆ ಇಲ್ಲದ ಟೀಪಾಟ್, ಮುದ್ರೆ ಇರುವ ಹೂದಾನಿ: ಚೀನೀ ಎನಾಮಲ್ ಪಿಂಗಾಣಿಯಲ್ಲಿ ಮೊದಲು ಏನು ನೋಡಬೇಕು?

ಹಳೆಪೆಟ್ಟಿಗೆ

ಕೊಳ್ಳೋಣ ಎಂದು ನೋಡುತ್ತಿರುವುದು ಒಂದು ಟೀಪಾಟ್, ಒಂದು ಜೊತೆ ಹೂದಾನಿ. ಮೂರೂ ಚೀನಾದ್ದು, ಮೂರೂ 18ನೆಯ ಶತಮಾನದ್ದು ಎಂದು ಮಾರುವವರ ಮಾತು.

ಟೀಪಾಟ್: ಮುಚ್ಚಳ ಸೇರಿ 13.5 ಸೆಂ.ಮೀ. ಎತ್ತರ, ಗುಂಡು ಹೊಟ್ಟೆ, ನೆಟ್ಟಗಿನ ಮೂತಿ, ಗುಲಾಬಿ ಬಣ್ಣದ ಪಿಯೊನಿ ಹೂ. ಅಡಿಯಲ್ಲಿ ಯಾವ ಬರಹವೂ ಇಲ್ಲ. ಮೂತಿಯ ತುದಿಯಲ್ಲಿ ಬಿಳುಪು ತುಸು ಬೇರೆಯಾಗಿ ಕಾಣುತ್ತದೆ.

ಹೂದಾನಿ: ತಲಾ 38 ಸೆಂ.ಮೀ., ಹಳದಿ ನೆಲದ ಮೇಲೆ ಬಳ್ಳಿ–ತಾವರೆ. ಬಾಯಿಯ ಒಳಗೂ ಅಡಿಯಲ್ಲೂ ಹಸಿರುನೀಲಿ ಎನಾಮಲ್ (ಮೆರುಗಿನ, ಅಂದರೆ ಗ್ಲೇಜಿನ, ಮೇಲೆ ಹಚ್ಚಿ ಮತ್ತೆ ಸುಡುವ ಗಾಜಿನಂಥ ಬಣ್ಣ). ಅಡಿಯಲ್ಲಿ ಕೆಂಪು ಬಣ್ಣದ ಆರು ಅಕ್ಷರದ, ಚೀನೀ ದೊರೆ ಚಿಯೆನ್‌ಲಾಂಗ್ ಮುದ್ರೆ.

ಮುದ್ರೆ ಇರುವುದರಿಂದ ಹೂದಾನಿಗಳೇ ಹೆಚ್ಚು ನಂಬಿಕೆಯವು ಅಂದುಕೊಳ್ಳಬಹುದೇ? ಏನೇನು, ಯಾವ ಕ್ರಮದಲ್ಲಿ ನೋಡಬೇಕು?

ಅಡಿಬಳೆ

ಮುದ್ರೆಯನ್ನು ಕೊನೆಗೆ ನೋಡಿ. ಯುರೋಪಿನ ಮಾರುಕಟ್ಟೆಗೆಂದು ಮಾಡಿದ 18ನೆಯ ಶತಮಾನದ ಟೀಪಾಟುಗಳಲ್ಲಿ ದೊರೆಯ ಹೆಸರಿನ ಮುದ್ರೆ ಸಾಮಾನ್ಯವಾಗಿ ಇರುವುದಿಲ್ಲ. ಅಡಿ ಬರಿದಾಗಿದೆ ಎಂದು ಟೀಪಾಟನ್ನು ತಳ್ಳಿಹಾಕಬೇಡಿ. ಅಂಥ ಟೀಪಾಟಿಗೆ ಮುದ್ರೆ ಇದ್ದಿದ್ದರೆ ಆಗ ಅನುಮಾನ ಪಡಬೇಕಿತ್ತು.

ಹಳೆಯ ದೊರೆಯ ಮುದ್ರೆಯನ್ನು ಮತ್ತೆ ಬರೆಯುವುದು ಚೀನಾದಲ್ಲಿ ಬಹಳ ಹಿಂದಿನ ರೂಢಿ. ಕಾಂಗ್‌ಶಿ ದೊರೆಯ ಕಾಲದ (1662–1722) ಸಾಮಾನಿನ ಮೇಲೆ ಮಿಂಗ್ ದೊರೆ ಚೆಂಗ್‌ಹುವಾನ (1465–1487) ಮುದ್ರೆ ಧಾರಾಳವಾಗಿ ಸಿಗುತ್ತದೆ. ಅದರಲ್ಲಿ ಮೋಸಕ್ಕಿಂತ ಹಿರಿಯರ ಕೆಲಸದ ಮೇಲಿನ ಗೌರವವೇ ಹೆಚ್ಚು. ಚಿಯೆನ್‌ಲಾಂಗ್ (1736–1795) ಮುದ್ರೆಯೂ ಹಾಗೇ. ಗ್ವಾಂಗ್‌ಶೂ ಕಾಲದಲ್ಲಿ (1875–1908) ಬರೆದರು, 1912ರ ನಂತರದ ಗಣರಾಜ್ಯದಲ್ಲಿ ಬರೆದರು, ಈಗಲೂ ಬರೆಯುತ್ತಾರೆ.

ನೋಡುವ ಕ್ರಮ ಹೀಗಿರಲಿ: ಮೈಮಣ್ಣು, ಅಡಿಯ ಬಳೆ (ಪಾತ್ರೆ ಕೂರುವ ಉಂಗುರದಂಥ ಅಂಚು), ಮೆರುಗು, ಎನಾಮಲ್, ಚಿತ್ರದ ಕೈ, ಸವೆತ, ರಿಪೇರಿ, ಆಮೇಲೆ ಮುದ್ರೆ.

ಪಾತ್ರೆಯನ್ನು ಮಗುಚಿ ಅಡಿಯ ಬಳೆ ನೋಡುವುದಕ್ಕೆ ಹೆಚ್ಚು ಹೊತ್ತು ಕೊಡಿ. ಮೆರುಗು ಹಚ್ಚದೆ ಬಿಟ್ಟ ಮುಖ್ಯ ಜಾಗ ಅದು, ಮಣ್ಣು ನೇರವಾಗಿ ಕಾಣುವುದು ಅಲ್ಲಿ. ಚೀನಾದಲ್ಲಿ ಪಿಂಗಾಣಿಗೆ ಹೆಸರಾದ ಜಿಂಗ್ಡೆಜೆನ್ ಊರಿನ ಮಣ್ಣು ಎಂದರೆ ಕಯೊಲಿನ್ ಜೇಡಿ ಮತ್ತು ಕುಟ್ಟಿದ ಪಿಂಗಾಣಿ ಕಲ್ಲಿನ ಮಿಶ್ರಣ. ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ನುಣುಪಾಗಿ, ಗಟ್ಟಿಯಾಗಿ ಇರುತ್ತದೆ. 18ನೆಯ ಶತಮಾನದ ಒಳ್ಳೆಯ ಕೆಲಸದಲ್ಲಿ ಬಳೆಯ ಎರಡೂ ಅಂಚನ್ನು ಕೆತ್ತಿ ದುಂಡು ಮಾಡಿರುತ್ತಾರೆ. ಮೆರುಗು ನಿಂತ ಗೆರೆಯ ಬಳಿ ತೆಳ್ಳನೆಯ ಕಿತ್ತಳೆ ಅಂಚು ಬಿದ್ದಿರುವುದುಂಟು. ಮಣ್ಣಿನಲ್ಲಿದ್ದ ಕಬ್ಬಿಣ ಬೇಯುವಾಗ ಮೇಲಕ್ಕೆ ಬಂದು ಹಾಗಾಗುತ್ತದೆ. ಆ ಅಂಚು ಒಂದು ಕಡೆ ಗಾಢ, ಒಂದು ಕಡೆ ಇಲ್ಲವೇ ಇಲ್ಲ ಎನ್ನುವಷ್ಟು ಏರುಪೇರಾಗಿರುತ್ತದೆ. ಬಳೆಯ ಸುತ್ತ ಒಂದೇ ಸಮನೆ ಕಂದು ಬಳಿದಂತಿದ್ದರೆ ಚಹಾದ ಡಿಕಾಕ್ಷನ್ನೋ ಪೊಟ್ಯಾಶಿಯಂ ಪರ್ಮಾಂಗನೇಟೋ ಹಚ್ಚಿರುವ ಸಾಧ್ಯತೆ ದೊಡ್ಡದು. ಒದ್ದೆ ಹತ್ತಿಯಲ್ಲಿ ಒರೆಸಿದರೆ ಕೆಲವು ಸಲ ಹತ್ತಿಗೇ ಬರುತ್ತದೆ.

ಕೆಂಪುಚಿನ್ನ

ಎನಾಮಲ್ ಭಾಗ ನಾನು ಬರೆಯುತ್ತೇನೆ.

ಮೊದಲಿಗೆ ಹೆಸರು. ಫ್ಯಾಮಿಲ್ ವರ್ಟ್ (ಹಸಿರು ಬಳಗ), ಫ್ಯಾಮಿಲ್ ರೋಸ್ (ಗುಲಾಬಿ ಬಳಗ) ಎಂಬ ವಿಂಗಡಣೆ 19ನೆಯ ಶತಮಾನದ ಫ್ರೆಂಚ್ ಲೇಖಕ ಆಲ್ಬರ್ಟ್ ಜಾಕ್ಮಾರ್ ಮಾಡಿದ್ದು. ಪಾತ್ರೆ ಮಾಡಿದ ಚೀನೀಯರು ಹಾಗೆ ಕರೆಯುತ್ತಿರಲಿಲ್ಲ. ಚೀನೀ ಹೆಸರುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ: ವರ್ಟ್‌ಗೆ ವೂತ್ಸಾಯ್ ಅಂದರೆ ಐದು ಬಣ್ಣ, ರೋಸ್‌ಗೆ ಫೆನ್‌ತ್ಸಾಯ್ ಅಂದರೆ ಪುಡಿಬಣ್ಣ, ಅಂದರೆ ಪೌಡರ್ ಹಾಕಿದಂಥ ಮೆದು ಬಣ್ಣ. ಅರಮನೆಯೊಳಗೆ ಬರೆಸಿದ್ದು ಫಾಲಾಂಗ್‌ತ್ಸಾಯ್.

ವರ್ಟ್ ಬಣ್ಣಗಳು ಪಾರದರ್ಶಕ. ತಾಮ್ರದಿಂದ ಹಸಿರು, ಮ್ಯಾಂಗನೀಸ್‌ನಿಂದ ಬದನೆ ಬಣ್ಣ, ಕೋಬಾಲ್ಟ್‌ನಿಂದ ನೀಲಿ, ಕಬ್ಬಿಣದಿಂದ ಹಳದಿ. ಲೆನ್ಸ್ ಇಟ್ಟರೆ ಬಣ್ಣದ ಕೆಳಗಿನ ಕಪ್ಪು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಫೆನ್‌ತ್ಸಾಯ್ 1720ರ ಆಸುಪಾಸಿನಲ್ಲಿ ಬಂದಾಗ ಮೂರು ಹೊಸ ಸಂಗತಿ ಸೇರಿದವು:

ಗುಲಾಬಿ: ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿಂದ. ಬೇಕಾದ ಚಿನ್ನ ನೂರರಲ್ಲಿ ಒಂದು ಭಾಗಕ್ಕೂ ಕಡಿಮೆ.
ಬಿಳಿ: ಸೀಸ ಮತ್ತು ಆರ್ಸೆನಿಕ್ ಕೂಡಿದ ಅಪಾರದರ್ಶಕ ಬಿಳಿ. ಚೀನೀಯರು ಗಾಜಿನ ಬಿಳಿ ಎನ್ನುತ್ತಾರೆ.
ಹಳದಿ: ಸೀಸ ಮತ್ತು ತವರ ಕೂಡಿದ ಅಪಾರದರ್ಶಕ ಹಳದಿ.

ಈ ಬಿಳಿಯೇ ಫೆನ್‌ತ್ಸಾಯ್‌ನ ಬೆನ್ನೆಲುಬು. ದಳದ ಗೆರೆಯೊಳಗೆ ಮೊದಲು ಬಿಳಿಯನ್ನು ದಪ್ಪಗೆ ಹಾಕಿ, ಮೇಲೆ ಗುಲಾಬಿ ಇಟ್ಟು, ಕುಂಚದಿಂದ ಅಂಚಿನ ಕಡೆಗೆ ಎಳೆದು ತೆಳುವಾಗಿಸುತ್ತಾರೆ. ಬುಡದಲ್ಲಿ ಗಾಢ, ತುದಿಯಲ್ಲಿ ಹಾಲಿನ ಬಣ್ಣ. ಕಣ್ಣು ಮುಚ್ಚಿ ಬೆರಳಾಡಿಸಿದರೆ ದಳ ಉಬ್ಬಿರುವುದು ತಿಳಿಯಬೇಕು. 10 ಪಟ್ಟಿನ ಲೆನ್ಸಿನಲ್ಲಿ ಕುಂಚದ ಜಾಡು, ಚದುರಿದ ಗುಳ್ಳೆ, ಬಣ್ಣದ ದಪ್ಪ–ತೆಳು ಕಾಣಬೇಕು. ಸಾಲು ಸಾಲಾಗಿ ಸಣ್ಣ ಚುಕ್ಕೆ ಕಂಡರೆ ಅದು ಡೆಕಾಲ್, ಅಂದರೆ ಅಚ್ಚು ಹಾಕಿ ಅಂಟಿಸಿದ ಚಿತ್ರ. ಅಲ್ಲಿಗೆ ವಿಚಾರಣೆ ಮುಗಿಯಿತು.

ಮಸಿಕುಂಚ

ಮೇಲಿನದಕ್ಕೆ ಸೇರಿಸುವುದು. ಕುಂಚದ ಜಾಡು ಯಾಕೆ ಬೇರೆ ಬೇರೆ ಥರ ಕಾಣುತ್ತದೆ ಎನ್ನುವುದಕ್ಕೆ ಉತ್ತರ ತಾಂಗ್ ಯಿಂಗ್ (1682–1756) ಬರಹದಲ್ಲೇ ಇದೆ. 1728ರಲ್ಲಿ ಜಿಂಗ್ಡೆಜೆನ್‌ಗೆ ಬಂದು ಅರಮನೆಯ ಪಿಂಗಾಣಿ ಕೆಲಸದ ಮೇಲ್ವಿಚಾರಣೆ ನೋಡಿಕೊಂಡವರು. ದೊರೆಯ ಆಜ್ಞೆಯಂತೆ 1743ರಲ್ಲಿ ಪಿಂಗಾಣಿ ಮಾಡುವ ಬಗೆಯ 20 ಚಿತ್ರಗಳಿಗೆ ವಿವರಣೆ ಬರೆದುಕೊಟ್ಟರು. ಬಣ್ಣ ಕಲಸಲು ಮೂರು ದಾರಿ ಎನ್ನುತ್ತಾರೆ: ಸುಗಂಧದ ಎಣ್ಣೆ, ಅಂಟುನೀರು, ಬರಿ ನೀರು. ಎಣ್ಣೆಯದು ಬಣ್ಣವನ್ನು ಹರಡಿ ತೆಳುವಾಗಿಸಲು, ಅಂಟಿನದು ಒತ್ತಿ ಬಳಿಯಲು, ನೀರಿನದು ರಾಶಿಯಾಗಿ ತುಂಬಲು. ಒಂದೇ ಹೂದಾನಿಯಲ್ಲಿ ದಳ ಒಂದು ಥರ, ನೆಲದ ಬಣ್ಣ ಇನ್ನೊಂದು ಥರ ಕಾಣುವುದು ಇದರಿಂದ. ಇಡೀ ಪಾತ್ರೆಯಲ್ಲಿ ಎಲ್ಲ ಬಣ್ಣವೂ ಒಂದೇ ದಪ್ಪ, ಒಂದೇ ಹೊಳಪು ಇದ್ದರೆ ನನಗೆ ನಂಬಿಕೆ ಬರುವುದಿಲ್ಲ.

ಸುಡುವುದೂ ಎರಡು ಸಲ. ಮೆರುಗು ಹಚ್ಚಿದ ಬಿಳಿ ಪಾತ್ರೆ ದೊಡ್ಡ ಗೂಡಿನಲ್ಲಿ ಸುಮಾರು 1300 ಡಿಗ್ರಿ, ಎನಾಮಲ್ ಬರೆದ ಮೇಲೆ ಸಣ್ಣ ಗೂಡಿನಲ್ಲಿ 700ರಿಂದ 800ರ ಆಸುಪಾಸು. ಸಣ್ಣ ಪಾತ್ರೆಗೆ ತೆರೆದ ಗೂಡು. ದೊಡ್ಡದಕ್ಕೆ ಮುಚ್ಚಿದ ಗೂಡು: ಮೂರು ಚೀನೀ ಅಡಿ ಎತ್ತರ, ಎರಡು ಗೋಡೆಯ ನಡುವೆ ಇದ್ದಿಲು, ಬಾಯಿಗೆ ಹಳದಿ ಮಣ್ಣಿನ ಮೆತ್ತು, ಒಂದು ಹಗಲು ಒಂದು ರಾತ್ರಿ ಉರಿ. ಶಾಖ ಕಡಿಮೆಯಾದರೆ ಎನಾಮಲ್ ಒರಟಾಗಿ ಮಂಕಾಗಿ ಉಳಿಯುತ್ತದೆ. ಹೆಚ್ಚಾದರೆ ಗುಳ್ಳೆ ಏಳುತ್ತದೆ, ಗೆರೆ ಹರಿಯುತ್ತದೆ, ಚಿನ್ನದ ಕಣ ದಪ್ಪವಾಗಿ ಗುಲಾಬಿ ಕಂದುನೇರಳೆಗೆ ತಿರುಗುತ್ತದೆ. ಹಳೆಯ ಪಾತ್ರೆಗಳಲ್ಲೂ ಈ ತಪ್ಪುಗಳಿವೆ. ತಪ್ಪು ಇದೆ ಎಂದ ಮಾತ್ರಕ್ಕೆ ನಕಲಿ ಅನ್ನಬೇಡಿ.

ಬಂದರುಬೀದಿ

ಟೀಪಾಟಿನ ಬಗ್ಗೆ. ರಫ್ತಿನ ಪಾತ್ರೆಗಳಲ್ಲಿ ಬಹಳಷ್ಟು ಜಿಂಗ್ಡೆಜೆನ್‌ನಿಂದ ಬಿಳಿಯಾಗಿಯೇ ಕ್ಯಾಂಟನ್‌ಗೆ, ಅಂದರೆ ಈಗಿನ ಗ್ವಾಂಗ್‌ಜೌಗೆ, ಬಂದು ಅಲ್ಲಿಯೇ ಬಣ್ಣ ಪಡೆದವು. ಯುರೋಪಿನವರು ಕೊಟ್ಟ ಮಾದರಿ, ವಂಶಲಾಂಛನ ನೋಡಿಕೊಂಡು ಬರೆಯಲು ಬಂದರಿಗೆ ಹತ್ತಿರ ಇರುವುದೇ ಅನುಕೂಲ.

ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ಮೂತಿ ಸೇರುವಲ್ಲಿ ಹೊಟ್ಟೆಯ ಗೋಡೆಗೆ ಸೊಪ್ಪು ತಡೆಯಲು ತೂತು ಹಾಕಿರುತ್ತಾರೆ. ಹಸಿಮಣ್ಣಿನಲ್ಲಿ ಕೈಯಿಂದ ಚುಚ್ಚಿದ್ದು, ಆದ್ದರಿಂದ ತೂತುಗಳ ಗಾತ್ರ, ಅಂತರ ಸಮ ಇರುವುದಿಲ್ಲ. ಅಂಚಿನಲ್ಲಿ ಮೆರುಗು ಕಟ್ಟಿ ದುಂಡಾಗಿರುತ್ತದೆ. ಮೂತಿ, ಹಿಡಿ ಎರಡನ್ನೂ ಬೇರೆ ಮಾಡಿ ಮಣ್ಣಿನ ರಾಡಿಯಿಂದ ಅಂಟಿಸುವುದು ಕ್ರಮ. ಅಂಟಿದ ಜಾಗದಲ್ಲಿ ಮೆರುಗಿನೊಳಗೇ ಸಣ್ಣ ಬಿರುಕು ಇದ್ದರೆ ಅದು ಸುಡುವಾಗ ಆದದ್ದು. ಅದಕ್ಕೆ ಬೆಲೆ ಹೆಚ್ಚು ಇಳಿಯದು.

ಒಳಗೋಡೆಯ ಆಕಾರ ಹೊರಗಿನ ಉಬ್ಬುತಗ್ಗನ್ನೇ ಹಿಂಬಾಲಿಸಿ, ತಿಗರಿಯ ಸುತ್ತು ಎಲ್ಲೂ ಕಾಣದಿದ್ದರೆ ರಾಡಿಯನ್ನು ಅಚ್ಚಿಗೆ ಸುರಿದು ಮಾಡಿದ ಈಚಿನ ಮಾಲು ಇರಬಹುದು.

ಮುಚ್ಚಳ ಅದರದ್ದೇ ಹೌದೋ ಅಂತ ನೋಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ಮುಚ್ಚಳವನ್ನೂ ಪಾಟನ್ನೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಡಿ. ಮೆರುಗಿನ ನೀಲಿಛಾಯೆ ಎರಡರಲ್ಲೂ ಒಂದೇ ಇರಬೇಕು. ಅಂಚಿನ ಪಟ್ಟಿಯ ಗುಲಾಬಿ, ಕಬ್ಬಿಣಗೆಂಪು ಒಂದೇ ಕೈಯಿನದಾಗಿರಬೇಕು. ಕೂರಿಸಿ ತಿರುಗಿಸಿದಾಗ ಮುಚ್ಚಳ ಸಡಿಲವಾಗಿ ಓಲಾಡಿದರೆ, ಇನ್ನೊಂದು ಪಾಟಿನದನ್ನು ತಂದು ಸೇರಿಸಿದ್ದಾರೆ ಎಂದೇ ಇಟ್ಟುಕೊಳ್ಳಿ.

ಮೂತಿಯ ತುದಿ ಒಡೆಯುವುದು ಅತಿ ಸಾಮಾನ್ಯ. ಅದಕ್ಕೆ ಆಗಿನ ಕಾಲದಲ್ಲೇ ಬೆಳ್ಳಿಯ ತೊಡುಗೆ ಹಾಕಿಸುತ್ತಿದ್ದರು. ಒಡೆದ ತುದಿಯನ್ನು ಉಜ್ಜಿ ಸಮ ಮಾಡಿ ಬಿಟ್ಟದ್ದೂ ಇದೆ: ಆಗ ತುದಿ ಚಪ್ಪಟೆ, ಮೆರುಗಿಲ್ಲದೆ ಒರಟು. ನಿಮ್ಮದರಲ್ಲಿ ಬಿಳುಪೇ ಬೇರೆ ಅಂದಿರಿ, ಅಂದರೆ ರಾಳದಿಂದ ಕಟ್ಟಿ ಬಣ್ಣ ಬಳಿದಂತಿದೆ.

ಹಳೆಪೆಟ್ಟಿಗೆ

ಬಣ್ಣ ಬಳಿದ ರಿಪೇರಿಯನ್ನು ಪಾತ್ರೆಗೆ ಏನೂ ಆಗದಂತೆ ಪತ್ತೆ ಮಾಡುವುದು ಹೇಗೆ? ಈ ಪಾಟಿನಲ್ಲಿ ಚಹಾ ಮಾಡಬಹುದೇ?

ಕೆಂಪುಚಿನ್ನ

ಪತ್ತೆಗೆ 365 ನ್ಯಾನೋಮೀಟರಿನ ಯುವಿ ಟಾರ್ಚ್, ಪೂರ್ತಿ ಕತ್ತಲೆ ಕೋಣೆ. ಪಿಂಗಾಣಿ ಮಂಕು ನೇರಳೆಯಾಗಿ ಕಾಣುತ್ತದೆ. ರಾಳ, ಬಣ್ಣ ಇರುವ ಜಾಗ ಹಾಲುಬಿಳಿ ಅಥವಾ ಹಳದಿಯಾಗಿ ಎದ್ದು ಕಾಣುತ್ತದೆ. ಹಳೆಯ ಅರಗಿನ ಅಂಟಾದರೆ ಕಿತ್ತಳೆ. ಯುವಿಗೆ ಸಿಗದ ರಿಪೇರಿಯೂ ಉಂಟು, ಅದಕ್ಕೆ ಸ್ಪರ್ಶ: ರಾಳದ ಭಾಗ ಕೆನ್ನೆಗೆ ಮುಟ್ಟಿಸಿದರೆ ಪಿಂಗಾಣಿಯಷ್ಟು ತಣ್ಣಗಿರುವುದಿಲ್ಲ. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಪಿಂಗಾಣಿ ಟಿಣ್ ಅನ್ನುತ್ತದೆ, ರಾಳದ ಸದ್ದು ಮಂದವಾಗಿರುತ್ತದೆ. ಅಸಿಟೋನ್ ಹಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬಣ್ಣ ಕರಗಿ ಹೋದ ಮೇಲೆ ಮಾಲು ಇನ್ನೂ ನಿಮ್ಮದಾಗಿರುವುದಿಲ್ಲ, ಹಾನಿ ಮಾತ್ರ ನಿಮ್ಮ ಕೈಯಿಂದ ಆಗಿರುತ್ತದೆ.

ಚಹಾ ಬೇಡ. ಎನಾಮಲ್ ಅಂದರೆ ಸೀಸದ ಗಾಜು, ಬಿಳಿಯಲ್ಲಿ ಆರ್ಸೆನಿಕ್ ಬೇರೆ.

ಬಂದರುಬೀದಿ

ಸೀಸದ ಮಾತಿಗೆ ಒಂದು ತಿದ್ದುಪಡಿ. ಪಾಟಿನ ಒಳಗೆ ಇರುವುದು 1300 ಡಿಗ್ರಿಯ ಸುಣ್ಣ–ಕ್ಷಾರದ ಮೆರುಗು, ಅದರಲ್ಲಿ ಸೀಸ ಇಲ್ಲ. ಸೀಸ ಇರುವುದು ಹೊರಗಿನ ಚಿತ್ರದಲ್ಲಿ. ಅಂಚಿಗೂ ಒಳಗೂ ಎನಾಮಲ್ ಬರೆದ ಬಟ್ಟಲಿನಲ್ಲಿ ಕುಡಿಯುವುದು ಬೇರೆ ಮಾತು.

ಕೆಂಪುಚಿನ್ನ

ಒಪ್ಪಿದೆ, ಒಳಮೆರುಗಿನ ಬಗ್ಗೆ ನೀವು ಹೇಳಿದ್ದು ಸರಿ. ಆದರೂ ಈ ಪಾಟಿಗೆ ಉತ್ತರ ಅದೇ. ರಾಳ ಹಾಕಿದ ಮೂತಿಯ ಮೂಲಕವೇ ಬಿಸಿ ಚಹಾ ಹರಿಯಬೇಕು. ಕೂದಲೆಳೆ ಬಿರುಕು ಇದ್ದರೆ ಕುದಿನೀರು ಒಂದೇ ಸಲ ಬಿದ್ದಾಗ ಒಳಗೋಡೆ ಹಿಗ್ಗಿ, ಹೊರಗೋಡೆ ತಣ್ಣಗೇ ಉಳಿದು, ಬಿರುಕು ಓಡುತ್ತದೆ.

ಅಡಿಬಳೆ

ಹೂದಾನಿಗೆ ಬರೋಣ. ಮಾರುವವರು ಫಾಲಾಂಗ್‌ತ್ಸಾಯ್ ಎಂದರೆ ಒಪ್ಪಬೇಡಿ. ಅದನ್ನು ಬೀಜಿಂಗ್ ಅರಮನೆಯ ಕಾರ್ಖಾನೆಯಲ್ಲಿ, ಜಿಂಗ್ಡೆಜೆನ್‌ನಿಂದ ತರಿಸಿದ ಬಿಳಿ ಪಾತ್ರೆಗಳ ಮೇಲೆ ಬರೆಸುತ್ತಿದ್ದರು, ಹೆಚ್ಚಿನವು ಬಟ್ಟಲು, ತಟ್ಟೆ, ಸಣ್ಣ ಹೂದಾನಿ. ಅಂಥವು ಇಂದು ಬಹುಪಾಲು ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿವೆ. 38 ಸೆಂ.ಮೀ. ಜೋಡಿ ಆ ಗುಂಪಿಗೆ ಕೂರುವುದಿಲ್ಲ.

ಹಸಿರುನೀಲಿ ಅಡಿ, ಕೆಂಪು ಮುದ್ರೆ ಚಿಯೆನ್‌ಲಾಂಗ್ ಕಾಲದಲ್ಲೂ ಇತ್ತು, ಅದರಿಂದಲೇ ಅದು ನಕಲಿಗಾರರಿಗೆ ಅಚ್ಚುಮೆಚ್ಚು. ನಾಲ್ಕು ವಿಷಯ ನೋಡಿ.

ಮೊದಲನೆಯದು ಚಿನ್ನದ ರೇಖೆ. ಹಳೆಯದು ಚಿನ್ನದ ಪುಡಿಯನ್ನು ಹಚ್ಚಿ ಸುಟ್ಟು ಆಮೇಲೆ ತಿಕ್ಕಿದ್ದು: ಮೆದುವಾದ ಹೊಳಪು, ಮುಟ್ಟುವ ಕಡೆ ಸವೆದಿರುತ್ತದೆ. ಕನ್ನಡಿಯಂತೆ ತೆಳ್ಳಗೆ, ಹಿತ್ತಾಳೆಯಂತೆ ಹೊಳೆದರೆ ಅದು ದ್ರವಚಿನ್ನ. ಆ ವಿಧಾನ ಹುಟ್ಟಿದ್ದೇ 1830ರ ಸುಮಾರಿಗೆ ಜರ್ಮನಿಯ ಮೈಸನ್‌ನಲ್ಲಿ.

ಎರಡನೆಯದು ಹಸಿರು. ಕ್ರೋಮಿಯಂ ಧಾತುವನ್ನು ಗುರುತಿಸಿದ್ದು 1797ರಲ್ಲಿ, ಚಿಯೆನ್‌ಲಾಂಗ್ ಆಳ್ವಿಕೆ ಮುಗಿದ ಮೇಲೆ. ಕ್ರೋಮ್ ಹಸಿರು ಸಿಕ್ಕರೆ ಮುದ್ರೆ ಸುಳ್ಳು. ಕಣ್ಣಿಗೆ ತಿಳಿಯದಿದ್ದರೆ, ಎಕ್ಸ್‌ಕಿರಣ ಬಿಟ್ಟು ಧಾತುಗಳನ್ನು ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಹೇಳುತ್ತದೆ. ಪಾತ್ರೆಯಿಂದ ಏನೂ ಕೆರೆಯಬೇಕಿಲ್ಲ. ಬಿಳಿಯಲ್ಲಿ ಆರ್ಸೆನಿಕ್, ಹಳದಿಯಲ್ಲಿ ತವರ ಸಿಗಬೇಕು. ಕ್ಯಾಡ್ಮಿಯಂ, ಸೆಲೆನಿಯಂ ಸಿಕ್ಕರೆ 20ನೆಯ ಶತಮಾನದ್ದು. ಒಂದು ಎಚ್ಚರ: ಎಕ್ಸ್‌ಕಿರಣ ತೆಳು ಎನಾಮಲ್ ದಾಟಿ ಕೆಳಗಿನ ಮೆರುಗನ್ನೂ ಓದುತ್ತದೆ, ಹಾಗಾಗಿ ಬರಿ ಬಿಳಿ ಜಾಗದ ಓದನ್ನೂ ತೆಗೆದು ಹೋಲಿಸಬೇಕು.

ಮೂರನೆಯದು ಸವೆತ. ನಿಜವಾದ ಗೀರುಗಳು ನಾನಾ ದಿಕ್ಕಿಗೆ, ನಾನಾ ಆಳಕ್ಕೆ, ಉಬ್ಬಿದ ಕಡೆ ಹೆಚ್ಚು. ಮರಳುಕಾಗದದ್ದು ಒಂದೇ ದಿಕ್ಕಿಗೆ. ಹೊಸ ಹೊಳಪನ್ನು ಕೊಲ್ಲಲು ಹೈಡ್ರೋಫ್ಲೋರಿಕ್ ಆಮ್ಲ ಹಚ್ಚುತ್ತಾರೆ. ಹಾಗೆ ಮಾಡಿದ್ದರೆ ಲೆನ್ಸಿನಲ್ಲಿ ಮೈಯೆಲ್ಲ ಸಮನಾಗಿ ಸಣ್ಣ ಗುಳಿ ಬಿದ್ದಂತೆ ಕಾಣುತ್ತದೆ, ಸಂದಿಗೊಂದಿಯಲ್ಲೂ.

ನಾಲ್ಕನೆಯದು ಒಳಗಿನ ಕೂಡು. ದೊಡ್ಡ ಹೂದಾನಿಯನ್ನು ಕತ್ತು, ಹೊಟ್ಟೆ ಬೇರೆ ಬೇರೆ ಮಾಡಿ ಕೂಡಿಸುತ್ತಿದ್ದರು. ಬೆರಳು ಒಳಗೆ ಹೋದರೆ ಕೂಡಿನ ಏಣು ಸಿಗುತ್ತದೆ. ಅಡಿಯಲ್ಲಿ ದುಂಡು ತೂತು ಇದ್ದರೆ ಯಾವಾಗಲೋ ಟೇಬಲ್ ಲ್ಯಾಂಪ್ ಮಾಡಿದ್ದಾರೆ. ಬಾಯಿಯ ಅಂಚಿನಲ್ಲಿ ಎನಾಮಲ್ ಪಟ್ಟಿ ಅರ್ಧಕ್ಕೇ ನಿಂತಿದ್ದರೆ ಒಡೆದ ಕತ್ತನ್ನು ಕೊಯ್ದಿದ್ದಾರೆ.

ಹೊಸದಿಣ್ಣೆ

ಇಂಥ ಗುಲಾಬಿ ಬಣ್ಣದ್ದು ವಿಜಯನಗರದ ಅರಮನೆಯಿಂದ ಬಂದದ್ದು ಎಂದು ಹೇಳಿ ಮಾರುವುದುಂಟಲ್ಲ?

ಮಸಿಕುಂಚ

ಹಂಪಿಯ ಉತ್ಖನನದಲ್ಲಿ ಚೀನೀ ಪಿಂಗಾಣಿಯ ಚೂರು ಸಿಕ್ಕಿರುವುದು ನಿಜ. ಆದರೆ ಪಟ್ಟಣ ಹಾಳಾದದ್ದು 1565ರಲ್ಲಿ, ಚಿನ್ನದ ಗುಲಾಬಿ ಚೀನೀ ಪಿಂಗಾಣಿಗೆ ಬಂದದ್ದು ಅದಾಗಿ 150 ವರ್ಷದ ಮೇಲೆ. ಆ ಕಥೆಗೆ ದುಡ್ಡು ಕೊಡಬೇಡಿ.

ಕಣ್ಣು ಪಳಗಲು ಅಸಲಿ ನೋಡುವುದೊಂದೇ ದಾರಿ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಚೀನೀ ಪಿಂಗಾಣಿಯ ವಿಭಾಗ ಇದೆ. ಲಂಡನ್ನಿನಲ್ಲಿ ಇರುವವರು ಬ್ರಿಟಿಷ್ ಮ್ಯೂಸಿಯಮ್ಮಿನ 95ನೆಯ ಕೋಣೆಗೆ ಹೋಗಿ. ಅಲ್ಲಿರುವ ಸುಮಾರು 1,700 ಪಾತ್ರೆಗಳನ್ನು ಕೂಡಿಸಿದ ಪರ್ಸಿವಲ್ ಡೇವಿಡ್ ಹುಟ್ಟಿದ್ದು 1892ರಲ್ಲಿ, ನಮ್ಮ ಮುಂಬಯಿಯಲ್ಲೇ.

ಬಂದರುಬೀದಿ

ಎನಾಮಲ್ ಎಷ್ಟು ನಾಜೂಕು ಅನ್ನುವುದಕ್ಕೆ ಒಂದು ಉದಾಹರಣೆ. 1752ರಲ್ಲಿ ಮುಳುಗಿದ ಡಚ್ ಹಡಗು ಗೆಲ್ಡರ್‌ಮಾಲ್ಸನ್‌ನ ಸರಕನ್ನು 1985ರಲ್ಲಿ ಮೇಲೆತ್ತಿದರು. ಮೆರುಗಿನ ಕೆಳಗಿದ್ದ ನೀಲಿ ಚಿತ್ರ ಹಾಗೇ ಉಳಿದಿತ್ತು. ಅವೇ ಪಾತ್ರೆಗಳಲ್ಲಿ ಮೆರುಗಿನ ಮೇಲೆ ಬರೆದಿದ್ದ ಕೆಂಪು, ಚಿನ್ನ ಕರಗಿಹೋಗಿ ಹೂವಿನ ನೆರಳು ಮಾತ್ರ ಉಳಿದಿತ್ತು. ತೊಳೆಯುವಾಗ ಇದು ನೆನಪಿರಲಿ.

ತೊಳೆಯುವುದು ಹೀಗೆ. ಪ್ಲಾಸ್ಟಿಕ್ ಟಬ್ಬು, ತಳಕ್ಕೆ ಮಡಿಸಿದ ಟವೆಲು. ಒಂದು ಸಲಕ್ಕೆ ಒಂದೇ ಪಾತ್ರೆ. ಉಗುರುಬೆಚ್ಚಗಿನ ನೀರು ಒಂದು ಲೀಟರಿಗೆ ಎರಡು ಮೂರು ಹನಿ ಕ್ಷಾರವಿಲ್ಲದ ಡಿಟರ್ಜೆಂಟ್. ಮೊದಲು ಕಬ್ಬಿಣಗೆಂಪು ಮತ್ತು ಚಿನ್ನದ ಮೇಲೆ ಒದ್ದೆ ಹತ್ತಿಯನ್ನು ಉರುಳಿಸಿ ನೋಡಿ, ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ರಿಪೇರಿ ಇರುವ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಬೇಡಿ, ಹತ್ತಿಯಿಂದಲೇ ಒರೆಸಿ. ಹುಣಸೆಹಣ್ಣು, ನಿಂಬೆ, ವಿನೆಗರ್ ಯಾವುದೂ ಬೇಡ, ಹುಳಿ ಸೀಸದ ಗಾಜನ್ನು ತಿನ್ನುತ್ತದೆ. ಪಾತ್ರೆ ತಿಕ್ಕುವ ಪುಡಿಯಿಂದ ಗೀರು ಬೀಳುತ್ತದೆ. ಬ್ಲೀಚ್ ಬಿರುಕಿನೊಳಗೆ ಉಪ್ಪು ಬಿಟ್ಟುಹೋಗುತ್ತದೆ, ಅದು ಹರಳುಗಟ್ಟಿ ಬಿರುಕನ್ನು ಅಗಲಿಸುತ್ತದೆ. ಬಿರುಕಿನಲ್ಲಿ ಚಹಾದ ಕಲೆ ಕೂತಿದ್ದರೆ ಮೆಡಿಕಲ್ ಶಾಪಿನ 3% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹತ್ತಿ ಅದ್ದಿ, ಬಿರುಕಿನ ಮೇಲಿಟ್ಟು, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ಗಂಟೆ ಬಿಡಬಹುದು. ಚಿನ್ನದ ಗೆರೆ ಇರುವಲ್ಲಿ, ಒಡಕು ಕೂಡಿಸಲು ಹಾಕಿದ ಹಳೆಯ ಲೋಹದ ಹೊಲಿಗೆ ಇರುವಲ್ಲಿ ಇದನ್ನೂ ಮಾಡಬೇಡಿ.

ಹಳೆಪೆಟ್ಟಿಗೆ

ನೀವೆಲ್ಲ ಹೇಳಿದ ಕ್ರಮದಲ್ಲೇ ನೋಡಿದ್ದು:

ಟೀಪಾಟ್: ಬಳೆ ದುಂಡು, ಕಿತ್ತಳೆ ಅಂಚು ಅರ್ಧ ಸುತ್ತಿಗೆ ಮಾತ್ರ. ಒಳಗೆ ಏಳು ತೂತು, ಅಂತರ ಸಮ ಇಲ್ಲ. ಪಿಯೊನಿ ದಳ ಬೆರಳಿಗೆ ಸಿಗುತ್ತದೆ. ಎಲೆಯ ಹಸಿರು ಒಂದು ಕಡೆ ಚಕ್ಕೆ ಎದ್ದಿದೆ. ಮುಚ್ಚಳದ ಮೆರುಗಿನ ಬಣ್ಣ ಪಾಟಿಗೆ ಹೊಂದುತ್ತದೆ. ಯುವಿಯಲ್ಲಿ ಮೂತಿಯ ತುದಿ 9 ಮಿ.ಮೀ. ಉದ್ದಕ್ಕೆ ಹಾಲುಬಿಳಿ.

ಹೂದಾನಿ: ಚಿನ್ನದ ರೇಖೆ ಕನ್ನಡಿಯಂತೆ, ಸವೆತವೇ ಇಲ್ಲ. ಬಳೆಯ ಸುತ್ತ ಒಂದೇ ಸಮ ಕಂದು, ಒದ್ದೆ ಹತ್ತಿಗೆ ಬಂತು. ಹಳದಿ ನೆಲ ಎಲ್ಲೆಡೆ ಒಂದೇ ದಪ್ಪ.

ಅಡಿಬಳೆ

ಪಾತ್ರೆಯನ್ನು ಕೈಯಲ್ಲಿ ಹಿಡಿಯದೆ ಹೇಳುವ ಮಾತು ಇದು, ಆದರೂ ವಿವರ ಚೆನ್ನಾಗಿ ಕೊಟ್ಟಿದ್ದೀರಿ. ಟೀಪಾಟ್ 18ನೆಯ ಶತಮಾನದ ರಫ್ತಿನ ಮಾಲಿಗೆ ಎಲ್ಲ ರೀತಿಯಲ್ಲೂ ಕೂರುತ್ತದೆ. ಮೂತಿ ರಿಪೇರಿ ಎಂದು ರಸೀದಿಯಲ್ಲೇ ಬರೆಸಿ, ಬೆಲೆ ಅದಕ್ಕೆ ತಕ್ಕಂತೆ ಇಳಿಸಿ ಕೇಳಿ. ಹೂದಾನಿಗಳು ಈಚಿನವು. ಬಳೆಗೆ ಬಣ್ಣ ಹಚ್ಚಿರುವುದು ಅಲಂಕಾರಕ್ಕಲ್ಲ, ಹಳೆಯದೆಂದು ನಂಬಿಸಲು. ಆ ಮಾರಾಟಗಾರರ ಬಳಿ ಟೀಪಾಟ್ ಕೊಳ್ಳುವುದಾದರೂ ಕಾಲಮಾನವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಮಸಿಕುಂಚ

ಕಾನೂನಿನ ಒಂದು ಮಾತು, ಕೊಳ್ಳುವ ಮುಂಚೆ ತಿಳಿದಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾಕೃತಿಯನ್ನು ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವಂತಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಕೊಡಲೆಂದು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ.

ಹಳೆಪೆಟ್ಟಿಗೆ

ಟೀಪಾಟ್ ಮಾತ್ರ ತೆಗೆದುಕೊಳ್ಳುವುದು ಎಂದಾಯಿತು. ಬಸ್ಸಿನಲ್ಲಿ ತರಬೇಕು, ಹೇಗೆ ಕಟ್ಟುವುದು?

ಬಂದರುಬೀದಿ

ಮುಚ್ಚಳ ಬೇರೆ, ಪಾಟ್ ಬೇರೆ. ಬಿಳಿ ಟಿಶ್ಯೂ ಕಾಗದವನ್ನು ಉಂಡೆ ಮಾಡಿ ಹಿಡಿಯ ಸಂದಿಗೂ ಮೂತಿಯ ಎರಡು ಬದಿಗೂ ಸಡಿಲವಾಗಿ ತುಂಬಿ. ಹೊಟ್ಟೆಯೊಳಗೆ ಬಿಗಿಯಾಗಿ ತುರುಕಬೇಡಿ. ಎನಾಮಲ್ ಚಕ್ಕೆ ಎದ್ದ ಜಾಗಕ್ಕೆ ಬಬಲ್ ರ‍್ಯಾಪ್ ನೇರವಾಗಿ ತಾಗದಂತೆ ಮೊದಲು ಟಿಶ್ಯೂ, ಅದರ ಮೇಲೆ ರ‍್ಯಾಪ್. ಟೇಪ್ ಪಾತ್ರೆಗೆ ಎಲ್ಲೂ ಮುಟ್ಟಬಾರದು. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಡಬ್ಬಿಯ ಎಲ್ಲ ಬದಿಗೂ 5 ಸೆಂ.ಮೀ. ಮೆತ್ತೆ ಇರಲಿ, ಮೂತಿ ಯಾವ ಗೋಡೆಗೂ ನೇರವಾಗಿ ಎದುರಾಗದೆ ಡಬ್ಬಿಯ ಮೂಲೆಯ ಕಡೆಗಿರಲಿ. ಎತ್ತುವಾಗ ಹಿಡಿ ಹಿಡಿಯದೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದೇ ಎತ್ತಿ. ಡಬ್ಬಿ ಸೀಟಿನ ಕೆಳಗೆ ಬೇಡ, ತೊಡೆಯ ಮೇಲೇ ಇರಲಿ.